ಕಿವಿ ಕೆಳಗಿನ ಗಂಟು ವೈರ್‌ಲೆಸ್ ಸೆಟ್ಟಿನಿಂದ ಬಂತಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನರಿಗೆ 61 ವರ್ಷ. ಸೇನೆಯ ಸಿಗ್ನಲ್ಸ್‌ನಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತರಾದರು. ಈಗ ಮೂರು ಎಕರೆ ಕಾಫಿ ತೋಟ ನೋಡಿಕೊಂಡಿದ್ದಾರೆ. ಎರಡು ವರ್ಷದ ಹಿಂದೆ ಎಡಗಿವಿಯ ಹಾಲೆ ಕೆಳಗೆ ಗೋಲಿಯಷ್ಟು ಗಂಟು ಕಾಣಿಸಿತು. ಈಗ ಸಣ್ಣ ನಿಂಬೆಹಣ್ಣಿನಷ್ಟಿದೆ. ನೋವಿಲ್ಲ. ಮಂಗನಬಾವು ಇರಬೇಕು ಅಂತ ಮೊದಲು ನಾಟಿ ಔಷಧಿ ಹಚ್ಚಿದೆವು, ಕಮ್ಮಿ ಆಗಲಿಲ್ಲ. ಹಾಸನದಲ್ಲಿ ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆ ಮಾಡಿಸಿದೆವು. ‘ವಾರ್ಥಿನ್ ಟ್ಯೂಮರ್ ಇರಬಹುದು’ ಎಂದು ಬರೆದಿದ್ದಾರೆ. ಬಲಗಡೆಯೂ ಚಿಕ್ಕದೊಂದು ಇದೆಯಂತೆ. ಇವರ ಯೂನಿಟ್ಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನಿಬ್ಬರಿಗೆ ಇದೇ ಜಾಗದಲ್ಲಿ ಗಂಟು ಬಂದಿದೆ. ವರ್ಷಗಟ್ಟಲೆ ವೈರ್‌ಲೆಸ್ ಸೆಟ್ಟನ್ನು ಎಡಗಿವಿಗೆ ಹಿಡಿದದ್ದೇ ಕಾರಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ಇದು ಕ್ಯಾನ್ಸರಾ? ಸೂಜಿ ಚುಚ್ಚಿದ್ದರಿಂದ ಹರಡುತ್ತಾ? ಆಪರೇಷನ್ ಮಾಡಿದರೆ ಬಾಯಿ ಸೊಟ್ಟ ಆಗುತ್ತೆ ಅನ್ನುತ್ತಾರೆ, ನಿಜವಾ? ಕಾಫಿ ಕೊಯ್ಲು ಮುಗಿಯುವ ತನಕ ಕಾಯಬಹುದಾ? ಸೇನೆಯಿಂದ ಏನಾದರೂ ಪರಿಹಾರ ಸಿಗುತ್ತಾ? ಇನ್ನೊಂದು ವಿಷಯ, ಹೇಳಬೇಡ ಅಂದಿದ್ದಾರೆ. ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುತ್ತಾರೆ. ಸೇನೆಗೆ ಸೇರಿದ ಮೇಲೆ ಶುರುವಾದದ್ದು.

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಕೊನೆಯ ಸಾಲಿನಲ್ಲಿದೆ. ಯಜಮಾನರು ಬೇಡ ಅಂದರೂ ಬರೆದಿರಲ್ಲ, ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನೂ ವೈರ್‌ಲೆಸ್ ಸೆಟ್ಟಿನ ಹಿಂದೆಯೇ ಓಡುತ್ತಿದ್ದೆನೇನೋ.

ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ. ನೀವು ಬರೆದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಇದು ಕ್ಯಾನ್ಸರ್ ಅಲ್ಲದ ಗಂಟಾಗಿರುವ ಸಾಧ್ಯತೆಯೇ ಬಹಳ ಜಾಸ್ತಿ. ಪತ್ರ ಓದಿ ನೂರಕ್ಕೆ ನೂರು ಎಂದು ಯಾವ ಡಾಕ್ಟರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಇವತ್ತು ರಾತ್ರಿ ನೀವು ನಿದ್ದೆ ಮಾಡಬಹುದು.

ನಮ್ಮ ಕಡೆ ಒಂದು ತೊಂದರೆ ಇದೆ. ‘ಗಂಟು’ ಅಂದರೆ ಜನ ಸುಮ್ನೆ ಇರುತ್ತಾರೆ. ‘ಗಡ್ಡೆ’ ಅಂದರೆ ಕ್ಯಾನ್ಸರ್ ಅಂತಲೇ ಕಿವಿಗೆ ಬೀಳುತ್ತದೆ. ವರದಿಯಲ್ಲಿ ‘ಟ್ಯೂಮರ್’ ಎಂಬ ಪದ ಕಂಡರಂತೂ ಮುಗಿಯಿತು, ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಟ್ಯೂಮರ್ ಅಂದರೆ ಇರಬಾರದ ಕಡೆ ಬೆಳೆದ ಮಾಂಸ, ಅಷ್ಟೇ. ಅದರಲ್ಲಿ ಕ್ಯಾನ್ಸರ್ ಅಲ್ಲದ ಸಾಧುವೂ ಉಂಟು, ಕ್ಯಾನ್ಸರ್ ಎಂಬ ಕೇಡಿಯೂ ಉಂಟು.

ಕಿವಿಯ ಮುಂದೆ ಮತ್ತು ಕೆಳಗೆ ಪೆರೋಟಿಡ್ ಎಂಬ ಜೊಲ್ಲು ಗ್ರಂಥಿ ಇದೆ. ಎರಡೂ ಕಡೆ ಒಂದೊಂದು. ಮಂಗನಬಾವಿನಲ್ಲಿ ಊದಿಕೊಳ್ಳುವುದು ಇದೇ. ದವಡೆಯ ಕೆಳಗೆ ಇನ್ನೊಂದು ಜೊತೆ, ನಾಲಿಗೆಯ ಅಡಿಯಲ್ಲಿ ಮತ್ತೊಂದು ಜೊತೆ. ಇವಲ್ಲದೆ ತುಟಿ, ಕೆನ್ನೆಯ ಒಳಗೆ, ಅಂಗುಳಿನಲ್ಲಿ ಸಾಸಿವೆಯಂಥ ನೂರಾರು ಪುಟ್ಟ ಗ್ರಂಥಿಗಳಿವೆ. ನಮ್ಮ ಪಾಠದ ಹಳೆಯ ಲೆಕ್ಕ ಒಂದಿದೆ, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಗ್ರಂಥಿ ಚಿಕ್ಕದಾದಷ್ಟೂ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ಜಾಸ್ತಿ. ಪೆರೋಟಿಡ್‌ನಲ್ಲಿ ಹುಟ್ಟುವ 100 ಗಡ್ಡೆಗಳಲ್ಲಿ ಸುಮಾರು 80 ಸಾಧು. ದವಡೆ ಕೆಳಗಿನ ಗ್ರಂಥಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ನಾಲಿಗೆ ಅಡಿಯದರಲ್ಲಿ ಬಹುಪಾಲು ಕೇಡಿಯೇ. ನಿಮ್ಮ ಯಜಮಾನರ ಗಂಟು ಇರುವುದು ದೊಡ್ಡ ಗ್ರಂಥಿಯಲ್ಲಿ. ಇದು ನಿಮ್ಮ ಪರವಾಗಿರುವ ಮೊದಲ ಸಂಗತಿ.

ಎರಡನೆಯದು, ಗಂಟು ಎರಡು ವರ್ಷದಿಂದ ನಿಧಾನವಾಗಿ ಬೆಳೆದಿದೆ, ನೋವಿಲ್ಲ. ನೀವು ಬರೆಯದ ಕೆಲವು ವಿಷಯಗಳನ್ನು ನೀವೇ ನೋಡಬಹುದು. ಅವರನ್ನು ಎದುರಿಗೆ ಕೂರಿಸಿಕೊಂಡು ಹುಬ್ಬು ಏರಿಸಲು ಹೇಳಿ. ಕಣ್ಣು ಬಿಗಿಯಾಗಿ ಮುಚ್ಚಿಸಿ. ಹಲ್ಲು ಕಿರಿಯಲು ಹೇಳಿ. ಎರಡೂ ಕಡೆ ಒಂದೇ ಸಮ ಇದ್ದರೆ ಮುಖದ ನರಕ್ಕೆ ಏನೂ ಆಗಿಲ್ಲ ಎಂದರ್ಥ. ಗಂಟನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಕಲ್ಲಿನಂತೆ ಅಂಟಿಕೊಂಡಿದೆಯಾ, ಜಾರುತ್ತದಾ? ಕುತ್ತಿಗೆಯಲ್ಲಿ ಬೇರೆ ಗಂಟು ಇದೆಯಾ? ಆಪರೇಷನ್ ಮಾಡಿಸದೆಯೇ ಒಂದು ಕಡೆಯ ಮುಖ ಸೊಟ್ಟಗಾಗುತ್ತಿದ್ದರೆ, ಕೆಲವೇ ವಾರಗಳಲ್ಲಿ ಗಂಟು ದುಪ್ಪಟ್ಟಾದರೆ, ನೋವು ಶುರುವಾದರೆ, ಮೇಲಿನ ಚರ್ಮ ಒಡೆದರೆ ಕೊಯ್ಲು ಗಿಯ್ಲು ನೋಡಬೇಡಿ, ಆ ವಾರವೇ ಬನ್ನಿ.

ಈಗ ವಾರ್ಥಿನ್ ಗಡ್ಡೆಯ ವಿಷಯ. ಆಲ್ಡ್ರೆಡ್ ವಾರ್ಥಿನ್ ಎಂಬ ಅಮೆರಿಕದ ರೋಗಶಾಸ್ತ್ರಜ್ಞರು 1929ರಲ್ಲಿ ಇದನ್ನು ವಿವರಿಸಿದರು, ಹಾಗಾಗಿ ಆ ಹೆಸರು. ಪೆರೋಟಿಡ್‌ನ ಸಾಧು ಗಡ್ಡೆಗಳಲ್ಲಿ ಎರಡನೇ ಸ್ಥಾನ ಇದರದ್ದು. ಮೊದಲನೆಯದಕ್ಕೆ ಪ್ಲಿಯೋಮಾರ್ಫಿಕ್ ಅಡಿನೋಮಾ ಎಂದು ಹೆಸರು. ಅದರ ಕಥೆ ಬೇರೆ, ಆಮೇಲೆ ಹೇಳುತ್ತೇನೆ. ವಾರ್ಥಿನ್ ಗಡ್ಡೆ ಬರುವುದು ಹೆಚ್ಚಾಗಿ ಐವತ್ತು ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ. ಮೆತ್ತಗಿರುತ್ತದೆ, ಕಿವಿ ಹಾಲೆಯ ಕೆಳಗೇ ಕೂರುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಬರುತ್ತದೆ. ಬಲಗಡೆಯೂ ಇದೆ ಅಂತ ನೀವು ಗಾಬರಿಯಾಗಿದ್ದೀರಿ. ಎಡಗಡೆಯಿಂದ ಬಲಗಡೆಗೆ ‘ಹರಡಿತು’ ಎಂದು ನಿಮಗೆ ಅನ್ನಿಸಿರಬೇಕು. ಅದು ಹರಡಿದ್ದಲ್ಲ, ಅದರ ಪಾಡಿಗೆ ಅದು ಹುಟ್ಟಿದ್ದು. ನನಗಂತೂ ‘ಎರಡೂ ಕಡೆ’ ಎಂಬ ಮಾತು ಕೇಳಿ ವಾರ್ಥಿನ್ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಯಾಕೆ ಹೀಗೆ? ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಪೆರೋಟಿಡ್‌ಗೆ ಹೊದಿಕೆ ಬರುವುದು ತಡ. ಅಷ್ಟರಲ್ಲಿ ಅಕ್ಕಪಕ್ಕದ ಪುಟ್ಟ ಹಾಲ್ರಸ (ಲಿಂಫ್) ಗ್ರಂಥಿಗಳು ಒಳಗೆ ಸೇರಿಬಿಟ್ಟಿರುತ್ತವೆ. ಆ ಗ್ರಂಥಿಗಳೊಳಗೆ ಜೊಲ್ಲಿನ ನಾಳದ ತುಣುಕುಗಳೂ ಸಿಕ್ಕಿಕೊಂಡಿರುತ್ತವೆ. ಮುಂದೆ ಅರವತ್ತು ವರ್ಷವಾದ ಮೇಲೆ ಹೊಗೆಯ ಉರಿಗೆ ಆ ತುಣುಕುಗಳು ಕೆರಳಿ ಬೆಳೆಯುತ್ತವೆ ಎಂಬುದು ಬಹಳ ಜನ ಒಪ್ಪುವ ವಿವರಣೆ. ಸೇದದವರಿಗೆ ಹೋಲಿಸಿದರೆ ಸೇದುವವರಲ್ಲಿ ಈ ಗಡ್ಡೆ ಸುಮಾರು ಎಂಟು ಪಟ್ಟು ಹೆಚ್ಚು. ಜೊಲ್ಲು ಗ್ರಂಥಿಯ ಗಡ್ಡೆಗಳಲ್ಲಿ ತಂಬಾಕಿಗೂ ರೋಗಕ್ಕೂ ಇಷ್ಟು ಗಟ್ಟಿ ನಂಟು ಇರುವುದು ಇದೊಂದಕ್ಕೇ.

ಇಲ್ಲಿಗೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನ ಒಗಟೂ ಅರ್ಧ ಬಿಡಿಸಿದಂತಾಯಿತು. ಅಮೆರಿಕದಲ್ಲಿ ಮಾಜಿ ಸೈನಿಕರಿಗೆಂದೇ ಆಸ್ಪತ್ರೆಗಳಿವೆ. ಅಲ್ಲಿನ ವರದಿಗಳಲ್ಲಿ ವಾರ್ಥಿನ್ ಗಡ್ಡೆಯ ಪಾಲು ಸಾಮಾನ್ಯ ಜನರಿಗಿಂತ ಎದ್ದು ಕಾಣುತ್ತದೆ. ಸೈನಿಕರಿಗೆ ಏನೋ ಆಗಿದೆ ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಆ ಆಸ್ಪತ್ರೆಗೆ ಬರುವವರು ಯಾರು? ಹೆಚ್ಚಿನವರು ಗಂಡಸರು, ವಯಸ್ಸಾದವರು, ಒಂದು ಕಾಲದಲ್ಲಿ ಚೆನ್ನಾಗಿ ಸೇದಿದವರು. ಅಮೆರಿಕದ ಸೈನಿಕರ ರೇಷನ್ ಪೊಟ್ಟಣದಲ್ಲೇ ಸಿಗರೇಟು ಇಟ್ಟು ಕೊಡುತ್ತಿದ್ದರು, ಅದು ನಿಂತದ್ದು 1975ರಲ್ಲಿ. ಜುಲೈ ತಿಂಗಳಲ್ಲಿ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಛತ್ರಿ ಎಣಿಸಿ, ‘ಈ ಊರಿನವರಿಗೆ ಛತ್ರಿ ಹುಚ್ಚು’ ಅಂದರೆ ಹೇಗೆ? ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ. ಇಲ್ಲಿ ಮಳೆ ಅಂದರೆ ಸಿಗರೇಟು.

ನಿಮ್ಮ ಯಜಮಾನರ ಗುಂಪನ್ನೂ ಹಾಗೇ ನೋಡಿ. ಎಲ್ಲ ಗಂಡಸರು. ಎಲ್ಲರಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ರಾತ್ರಿ ಪಹರೆಯ ಚಳಿಗೆ ಒಂದೇ ಕಡ್ಡಿಯಲ್ಲಿ ನಾಲ್ಕು ಜನ ಹೊತ್ತಿಸಿಕೊಂಡವರು. ಅಂಥ ಗುಂಪಿನಲ್ಲಿ ಮೂವರಿಗೆ ಇದು ಬಂದರೆ ನನಗೆ ಆಶ್ಚರ್ಯವಿಲ್ಲ. ಉಳಿದಿಬ್ಬರಿಗೆ ಬಂದಿರುವುದು ಇದೇನಾ ಎಂಬುದೂ ಗೊತ್ತಿಲ್ಲವಲ್ಲ. ಕಿವಿ ಕೆಳಗಿನ ಊತಕ್ಕೆ ಹತ್ತು ಕಾರಣಗಳಿವೆ. ನಮ್ಮಲ್ಲಿ ಟಿಬಿಯ ಗಂಟು ಇಲ್ಲೇ ಬಂದು ಕೂರುವುದುಂಟು. ಜೊಲ್ಲಿನ ನಾಳದಲ್ಲಿ ಕಲ್ಲು ಸಿಕ್ಕಿದರೆ ಊಟಕ್ಕೆ ಕೂತಾಗ ಊದಿ, ಆಮೇಲೆ ಇಳಿಯುತ್ತದೆ. ಹೆಚ್ಚು ಕುಡಿಯುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎರಡೂ ಕೆನ್ನೆ ನೋವಿಲ್ಲದೆ ಉಬ್ಬುತ್ತವೆ, ಅದು ಗಡ್ಡೆಯೇ ಅಲ್ಲ. ಕ್ಯಾಂಟೀನ್ ಕೋಟಾ ಪೂರ್ತಿ ಎತ್ತುವ ಕೆಲವು ಫೌಜಿಗಳಲ್ಲಿ ನಾನು ಇದನ್ನು ನೋಡಿದ್ದೇನೆ.

ಹಾಗಾದರೆ ವೈರ್‌ಲೆಸ್ ಸೆಟ್ಟು? ಈ ಅನುಮಾನ ದಡ್ಡತನದ್ದೇನಲ್ಲ, ವಿಜ್ಞಾನಿಗಳಿಗೂ ಬಂದಿತ್ತು. ಮೊಬೈಲ್ ಹಿಡಿಯುವ ಜಾಗದಲ್ಲೇ ಪೆರೋಟಿಡ್ ಇರುವುದರಿಂದ ಇಸ್ರೇಲ್‌ನಲ್ಲಿ ಇದನ್ನು ಹುಡುಕಿದರು. 2008ರಲ್ಲಿ ಬಂದ ಆ ಅಧ್ಯಯನದಲ್ಲಿ, ತುಂಬಾ ಹೊತ್ತು ಮಾತಾಡುವವರಿಗೆ ಅದೇ ಬದಿಯಲ್ಲಿ ಗಡ್ಡೆ ಸ್ವಲ್ಪ ಹೆಚ್ಚು ಎಂದು ಕಂಡಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ತರಂಗಗಳನ್ನು ‘ಕ್ಯಾನ್ಸರ್ ತರಲೂಬಹುದು’ ಎಂಬ ಗುಂಪಿಗೆ ಸೇರಿಸಿತು. ಅದೂ ಮುಖ್ಯವಾಗಿ ಮಿದುಳು ಮತ್ತು ಕಿವಿಯ ನರದ ಗಡ್ಡೆಗಳ ಮೇಲಿನ ಅನುಮಾನದಿಂದ. ಅದೇ ಗುಂಪಿನಲ್ಲಿ ಏಷ್ಯಾದ ಕೆಲವು ಬಗೆಯ ಉಪ್ಪಿನಲ್ಲಿಟ್ಟ ತರಕಾರಿಗಳೂ ಇವೆ ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರೂ ಕಳಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ದೊಡ್ಡ ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. ಅದುವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಮೊಬೈಲ್ ಬಳಕೆಗೂ ಜೊಲ್ಲು ಗ್ರಂಥಿಯ ಗಡ್ಡೆಗೂ ನಂಟು ಕಾಣಲಿಲ್ಲ. ವೈರ್‌ಲೆಸ್ ಸೆಟ್ಟಿನಿಂದ ಬರುವುದೂ ಅದೇ ಜಾತಿಯ ರೇಡಿಯೋ ತರಂಗ. ಇನ್ನೊಂದು ಸರಳ ಮಾತು: ಸೆಟ್ಟು ಹಿಡಿದದ್ದು ಎಡಗಿವಿಗೆ, ಗಂಟು ಬಲಗಡೆಯೂ ಇದೆ.

ಗಡ್ಡೆ ತರುವ ವಿಕಿರಣ ಬೇರೆ ಜಾತಿಯದು. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಿದ್ದಾರೆ. ಅವರಲ್ಲಿ ಜೊಲ್ಲು ಗ್ರಂಥಿಯ ಒಂದು ಬಗೆಯ ಕ್ಯಾನ್ಸರ್ ಮತ್ತು ಇದೇ ವಾರ್ಥಿನ್ ಗಡ್ಡೆ, ಎರಡೂ ಜಾಸ್ತಿಯಾದವು. ಹಿಂದೆ ಮಕ್ಕಳ ತಲೆಯ ಹುಳುಕಡ್ಡಿಗೆ, ಟಾನ್ಸಿಲ್‌ಗೆ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ ಕಾಲವಿತ್ತು. ಆ ಮಕ್ಕಳಲ್ಲೂ ದೊಡ್ಡವರಾದ ಮೇಲೆ ಹೀಗೇ ಆಯಿತು. ಅಣುಬಾಂಬಿನ ಕಿರಣ ಜೀವಕೋಶದ ಒಳಗಿನ ಎಳೆಯನ್ನೇ ಕತ್ತರಿಸುತ್ತದೆ. ರೇಡಿಯೋ ತರಂಗಕ್ಕೆ ಆ ಶಕ್ತಿ ಇಲ್ಲ, ಹೆಚ್ಚೆಂದರೆ ಸ್ವಲ್ಪ ಬೆಚ್ಚಗೆ ಮಾಡುತ್ತದೆ. ಎರಡಕ್ಕೂ ‘ರೇಡಿಯೇಷನ್’ ಎಂಬ ಒಂದೇ ಹೆಸರು ಇರುವುದರಿಂದ ಈ ಗೊಂದಲವೆಲ್ಲ. ನಿಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ತಲೆಗೆ, ಕುತ್ತಿಗೆಗೆ ‘ಕರೆಂಟ್ ಕೊಟ್ಟಿದ್ದಾರಾ’, ಅಂದರೆ ವಿಕಿರಣ ಚಿಕಿತ್ಸೆ ಆಗಿತ್ತಾ, ಎಂದು ಮಾತ್ರ ಅತ್ತೆಯವರನ್ನು ಕೇಳಿ ನೋಡಿ. ಕೊಟ್ಟಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಸೂಜಿ ಪರೀಕ್ಷೆಯ ಬಗ್ಗೆ ಕೇಳಿದಿರಿ. ‘ಸೂಜಿ ತಾಗಿದರೆ ಕ್ಯಾನ್ಸರ್ ಎದ್ದುಬಿಡುತ್ತೆ’ ಎಂಬ ಮಾತನ್ನು ದಿನಕ್ಕೊಬ್ಬರಾದರೂ ನನ್ನ ಹತ್ತಿರ ಹೇಳುತ್ತಾರೆ. ರಕ್ತ ತೆಗೆಯುವ ಸೂಜಿಗಿಂತ ಸಣ್ಣ ಸೂಜಿ ಅದು. ಅದರಿಂದ ರೋಗ ಹರಡುವುದು ತೀರಾ ತೀರಾ ಅಪರೂಪ. ಸೂಜಿ ಹಾಕಿಸದೆ ಕತ್ತಲಲ್ಲಿ ಕತ್ತಿ ಆಡಿಸುವುದರಿಂದ ಆಗುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ವಾರ್ಥಿನ್ ಗಡ್ಡೆಗೆ ಸೂಜಿ ಹಾಕಿದರೆ ಹಲವು ಸಲ ಕಂದು ಬಣ್ಣದ ಮಂದ ನೀರು ಬರುತ್ತದೆ. ಇಂಗ್ಲಿಷ್ ಪುಸ್ತಕದವರು ಅದನ್ನು ಇಂಜಿನ್ ಆಯಿಲ್‌ಗೆ ಹೋಲಿಸುತ್ತಾರೆ. ನಮ್ಮ ಕಡೆಯವರಿಗೆ ಗಟ್ಟಿ ಡಿಕಾಕ್ಷನ್ ಅಂದರೆ ಬೇಗ ಅರ್ಥವಾಗುತ್ತದೆ. ಆದರೆ ಇಲ್ಲಿ ಒಂದು ಹಳ್ಳ ಇದೆ. ಕೆಲವು ನಿಧಾನ ಬೆಳೆಯುವ ಕ್ಯಾನ್ಸರ್‌ಗಳಲ್ಲೂ ನೀರಿನ ಚೀಲ ಇರುತ್ತದೆ. ಸೂಜಿ ಆ ನೀರಿಗಷ್ಟೇ ಹೋದರೆ ಒಳಗಿನ ಕಳ್ಳ ಸಿಗುವುದಿಲ್ಲ. ಅದಕ್ಕೇ ‘ಇರಬಹುದು’ ಎಂಬ ಪದ ನನಗೆ ಸಾಲದು. ವರದಿಯಲ್ಲಿ ‘ಮಿಲಾನ್’ ಎಂಬ ಪದ, ಅದರ ಮುಂದೆ ಒಂದು ಸಂಖ್ಯೆ ಇದೆಯಾ ನೋಡಿ. ಜೊಲ್ಲು ಗ್ರಂಥಿಯ ಸೂಜಿ ಪರೀಕ್ಷೆಯ ಫಲಿತಾಂಶಕ್ಕೆ ಸಂಖ್ಯೆ ಕೊಡುವ, 2018ರಿಂದ ಬಳಕೆಗೆ ಬಂದ ಪದ್ಧತಿ ಇದು. ನಾಲ್ಕು-ಎ ಎಂದಿದ್ದರೆ ಸಾಧು ಗಡ್ಡೆ. ಐದು ಎಂದರೆ ಅನುಮಾನ, ಆರು ಎಂದರೆ ಕ್ಯಾನ್ಸರ್. ಒಂದು ಎಂದಿದ್ದರೆ ಸರಿಯಾದ ಮಾದರಿ ಸಿಕ್ಕಿಲ್ಲ ಎಂದರ್ಥ, ಸಾಧು ಎಂದಲ್ಲ. ಒಂದನ್ನು ಓದಿ ಖುಷಿಯಾಗಿ ಮನೆಗೆ ಹೋದವರನ್ನು ನೋಡಿದ್ದೇನೆ. ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಅನುಮಾನ ಉಳಿದಿದ್ದರೆ, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಗಟ್ಟಿ ಭಾಗಕ್ಕೆ ಇನ್ನೊಮ್ಮೆ ಸೂಜಿ ಹಾಕಿಸಬೇಕು. ಇಷ್ಟು ದೊಡ್ಡ ಗಂಟಿಗೆ ಆಪರೇಷನ್ ಮಾಡುವುದಾದರೆ ಎಂಆರ್‌ಐ ಒಂದು ಮಾಡಿಸುವುದು ನನ್ನ ಅಭ್ಯಾಸ. ಆಳದಲ್ಲಿ ಎಲ್ಲಿಯವರೆಗೆ ಹೋಗಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಕ್ಯಾನ್ಸರ್ ಹುಡುಕಲು ಮಾಡುವ ಪೆಟ್ ಸ್ಕ್ಯಾನ್ ಮಾತ್ರ ಯಾರಾದರೂ ಸುಮ್ನೆ ಬರೆದುಕೊಟ್ಟರೆ ಯಾಕೆ ಎಂದು ಕೇಳಿ. ವಾರ್ಥಿನ್ ಗಡ್ಡೆ ಸಾಧುವಾದರೂ ಪೆಟ್‌ನಲ್ಲಿ ಕ್ಯಾನ್ಸರ್‌ನಂತೆಯೇ ಹೊಳೆಯುತ್ತದೆ. ದುಡ್ಡೂ ಹೋಗಿ ನಿದ್ದೆಯೂ ಹೋಗುತ್ತದೆ.

ನಾಟಿ ಔಷಧಿಯ ಬಗ್ಗೆ ಬೈಯುವುದಿಲ್ಲ. ಆದರೆ ಇನ್ನು ಮುಂದೆ ಹಚ್ಚಬೇಡಿ. ಖಾರದ ಸೊಪ್ಪಿನ ಲೇಪಕ್ಕೆ ಚರ್ಮ ಸುಟ್ಟು ಗಂಟಿಗೆ ಅಂಟಿಕೊಂಡರೆ, ನಾಳೆ ಮುಟ್ಟಿ ನೋಡುವ ಡಾಕ್ಟರಿಗೆ ಅದು ಕ್ಯಾನ್ಸರ್‌ನಂತೆಯೇ ತೋರುತ್ತದೆ. ಕೊಯ್ಯುವಾಗಲೂ ಕಷ್ಟ.

ಇನ್ನು ಏನು ಮಾಡಬೇಕು ಎಂಬ ಮಾತು. ವಾರ್ಥಿನ್ ಎಂದು ಖಚಿತವಾದರೆ ನಿಮಗೆ ಎರಡು ದಾರಿ ಇದೆ, ಎರಡೂ ಮರ್ಯಾದೆಯ ದಾರಿಗಳೇ.

ಒಂದು, ಬಿಟ್ಟು ನೋಡುವುದು. ಇದು ಕ್ಯಾನ್ಸರ್ ಆಗಿ ತಿರುಗುವುದು ನೂರಕ್ಕೆ ಒಂದೂ ಇಲ್ಲ. ಆರು ತಿಂಗಳಿಗೆ ಒಂದು ಅಲ್ಟ್ರಾಸೌಂಡ್, ಆಮೇಲೆ ವರ್ಷಕ್ಕೊಂದು. ಶ್ವಾಸಕೋಶ ತೀರಾ ಹಾಳಾದವರಿಗೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ, ಎಂಬತ್ತರ ಅಜ್ಜಂದಿರಿಗೆ ನಾನೇ ಈ ದಾರಿ ಹೇಳುತ್ತೇನೆ. ಇದರ ತೊಂದರೆ ಏನೆಂದರೆ, ಗಂಟು ಬೆಳೆಯುತ್ತಲೇ ಇರಬಹುದು. ಒಮ್ಮೊಮ್ಮೆ ಸೋಂಕಾಗಿ ಕೆಂಪಗೆ ಊದಿ ನೋಯುತ್ತದೆ. ಮನುಷ್ಯನಿಗೂ ವಯಸ್ಸಾಗುತ್ತಾ ಹೋಗುತ್ತದೆ, ಅರವತ್ತೊಂದರ ಅರಿವಳಿಕೆ ಬೇರೆ, ಎಪ್ಪತ್ತೊಂದರದ್ದು ಬೇರೆ. ಇನ್ನೊಂದು, ಸೂಜಿ ಪರೀಕ್ಷೆ ಅಪರೂಪಕ್ಕೆ ತಪ್ಪುತ್ತದೆ. ಪರೀಕ್ಷೆಗೆ ತಪ್ಪದೆ ಬರುವವರಿಗೆ ಮಾತ್ರ ಈ ದಾರಿ. ‘ನೋವಿಲ್ವಲ್ಲ’ ಅಂತ ತೋಟದಲ್ಲೇ ಇದ್ದುಬಿಡುವವರಿಗಲ್ಲ. ನಿಮ್ಮವರು ಯಾವ ಜಾತಿ ಎಂದು ನಿಮಗೇ ಗೊತ್ತು.

ಎರಡು, ತೆಗೆಸುವುದು. ಗಂಟು ನಿಂಬೆಹಣ್ಣಿನಷ್ಟಾಗಿ ಎದ್ದು ಕಾಣುತ್ತಿದ್ದರೆ, ಆರೋಗ್ಯ ಗಟ್ಟಿಯಿದ್ದರೆ ನಾನು ಇದರ ಕಡೆಗೇ ವಾಲುತ್ತೇನೆ. ದೊಡ್ಡ ಕಡೆಯದನ್ನು ತೆಗೆದು, ಬಲಗಡೆಯ ಚಿಕ್ಕದನ್ನು ನೋಡುತ್ತಾ ಹೋಗಬಹುದು. ಎರಡೂ ಕಡೆ ಒಂದೇ ದಿನ ಕೈ ಹಾಕುವುದು ನನಗೆ ಇಷ್ಟವಿಲ್ಲ.

ಇಲ್ಲೇ ಬಾಯಿ ಸೊಟ್ಟವಾಗುವ ಪ್ರಶ್ನೆ ಬರುವುದು. ಭಯಕ್ಕೆ ಆಧಾರ ಇದೆ. ಮುಖವನ್ನು ಅಲ್ಲಾಡಿಸುವ ನರ ಕಿವಿಯ ಹಿಂದಿನಿಂದ ಬಂದು ಪೆರೋಟಿಡ್‌ನ ಒಳಗೇ ನುಗ್ಗಿ, ಐದು ಕವಲಾಗಿ ಹರಡುತ್ತದೆ. ಹುಬ್ಬಿಗೆ ಒಂದು, ಕಣ್ಣಿಗೆ ಒಂದು, ಕೆನ್ನೆಗೆ, ಕೆಳತುಟಿಗೆ, ಕುತ್ತಿಗೆಗೆ ಒಂದೊಂದು. ಹಲಸಿನ ಹಣ್ಣಿನ ಅಂಟಿನ ನಡುವೆ ಸಿಕ್ಕ ದಾರವನ್ನು ಹರಿಯದೆ ಬಿಡಿಸಿದ ಹಾಗೆ ನಮ್ಮ ಕೆಲಸ. ಮೊದಲು ನರವನ್ನು ಹುಡುಕುತ್ತೇವೆ, ಆಮೇಲೆ ಗಂಟಿಗೆ ಕೈ ಹಾಕುತ್ತೇವೆ. ನರ ಎಲ್ಲೂ ತುಂಡಾಗದಿದ್ದರೂ ಎಳೆದಾಟಕ್ಕೆ ಮಂಕಾಗಬಹುದು. ಹಾಗೆ ಕೆಲವು ವಾರ ಅಥವಾ ತಿಂಗಳು ತುಟಿಯ ತುದಿ ಇಳಿಯುವುದು, ಕಣ್ಣು ಸರಿಯಾಗಿ ಮುಚ್ಚದಿರುವುದು ಅಪರೂಪವೇನಲ್ಲ. ಅದು ಆಮೇಲೆ ಸರಿಹೋಗುತ್ತದೆ. ಸಾಧು ಗಡ್ಡೆಯ ಆಪರೇಷನ್ನಿನಲ್ಲಿ ಶಾಶ್ವತವಾಗಿ ಉಳಿಯುವುದು, ಕೈ ಪಳಗಿದವರ ಹತ್ತಿರ, ನೂರಕ್ಕೆ ಐದಕ್ಕಿಂತ ಕಡಿಮೆ. ಐದು ಅಂದರೂ ಸೊನ್ನೆ ಅಲ್ಲ, ಅದನ್ನು ಮುಚ್ಚಿಡುವ ಡಾಕ್ಟರ ಹತ್ತಿರ ಹೋಗಬೇಡಿ. ನೀವು ಕೇಳಬೇಕಾದ ಪ್ರಶ್ನೆ: ‘ಡಾಕ್ಟ್ರೇ, ವರ್ಷಕ್ಕೆ ಇಂಥದ್ದು ಎಷ್ಟು ಮಾಡ್ತೀರಿ?’ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಕಿವಿ ಹಾಲೆ ಮಾತ್ರ ಬಹಳ ಜನರಿಗೆ ಜೋಮು ಹಿಡಿದಂತಾಗುತ್ತದೆ. ಅಭ್ಯಾಸವಾಗಿಬಿಡುತ್ತದೆ. ಇನ್ನೊಂದು ತಮಾಷೆಯ ತೊಂದರೆ ಉಂಟು. ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ, ಕಡುಬು ಕೋಳಿ ಸಾರು ಎದುರಿಗೆ ಬಂದರೆ ಬಾಯಲ್ಲಿ ನೀರೂರುವ ಜೊತೆಗೆ ಆ ಕಡೆಯ ಕೆನ್ನೆಯೂ ಬೆವರುತ್ತದೆ. ಜೊಲ್ಲಿಗೆ ಹೋಗಬೇಕಿದ್ದ ನರದ ಎಳೆಗಳು ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರುವುದರಿಂದ ಹೀಗಾಗುತ್ತದೆ. ಇದಕ್ಕೆ ಫ್ರೇ ಎಂಬ ಹೆಸರಿದೆ. ಪೋಲೆಂಡಿನ ನರರೋಗ ವೈದ್ಯೆ ಲೂಸಿಯಾ ಫ್ರೇ 1923ರಲ್ಲಿ ಇದರ ಗುಟ್ಟು ಬಿಡಿಸಿದರು. ಅವರು ನೋಡಿದ ರೋಗಿಯೂ ಒಬ್ಬ ಸೈನಿಕ, ಕಿವಿಯ ಹತ್ತಿರ ಗುಂಡು ತಗುಲಿ ಗಾಯ ಕೀವಾದವನು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಲ್ವೂವ್ ಊರಿನ ಕೇರಿಯಲ್ಲಿ, 1942ರಲ್ಲಿ, ಆ ವೈದ್ಯೆ ಸತ್ತರು. ಆ ಹೆಸರು ಹೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಇರಲಿ. ಬೆವರು ಬಂದರೆ ಕರ್ಚೀಫಿನಲ್ಲಿ ಒರೆಸಿಕೊಂಡು ಊಟ ಮುಂದುವರಿಸುವವರೇ ಹೆಚ್ಚು. ತೀರಾ ಕಾಟವಾದರೆ ಬೊಟಾಕ್ಸ್ ಇಂಜೆಕ್ಷನ್ ಇದೆ.

ಎರಡನೇ ಸಲ ಸೂಜಿ ಹಾಕಿ ‘ವಾರ್ಥಿನ್ ಅಲ್ಲ, ಪ್ಲಿಯೋಮಾರ್ಫಿಕ್’ ಎಂದು ಬಂದರೆ ನನ್ನ ಮಾತು ಬದಲಾಗುತ್ತದೆ. ಅದನ್ನು ಬಿಟ್ಟು ನೋಡಬಾರದು. ಅದೂ ಸಾಧುವೇ, ಆದರೆ ವರ್ಷಗಳು ಕಳೆದಂತೆ ಬುದ್ಧಿ ಬದಲಾಯಿಸುತ್ತದೆ. ಹದಿನೈದು ವರ್ಷ ಇಟ್ಟುಕೊಂಡವರಲ್ಲಿ ಹತ್ತಕ್ಕೊಬ್ಬರಿಗೆ ಕ್ಯಾನ್ಸರ್ ಆಗುತ್ತದೆ ಎಂಬ ಲೆಕ್ಕವಿದೆ. ಮತ್ತೆ ಅದನ್ನು ಬರೀ ಗಂಟು ಹಿಂಡಿ ತೆಗೆದರೆ ಸಾಲದು, ಸುತ್ತಲಿನ ಒಂದಿಷ್ಟು ಒಳ್ಳೆಯ ಗ್ರಂಥಿಯ ಜೊತೆಗೇ ತೆಗೆಯಬೇಕು. ಕೆಲವು ವರ್ಷದ ಹಿಂದೆ ಒಬ್ಬರು ನಿವೃತ್ತ ಸುಬೇದಾರರು ಬಂದಿದ್ದರು. ಎಲ್ಲೋ ಒಂದು ಕಡೆ, ಬರೀ ಜೋಮಿನ ಇಂಜೆಕ್ಷನ್ ಕೊಟ್ಟು, ‘ಕೊಬ್ಬಿನ ಗಂಟು’ ಎಂದು ಇಪ್ಪತ್ತು ನಿಮಿಷದಲ್ಲಿ ಕಿತ್ತಿದ್ದರಂತೆ. ಗಂಟು ಒಡೆದು ಒಳಗಿದ್ದದ್ದು ಸುತ್ತಲೂ ಚೆಲ್ಲಿತ್ತು. ಆರು ವರ್ಷಕ್ಕೆ ಗೊಂಚಲು ಗೊಂಚಲಾಗಿ ಎದ್ದಿತು, ಕಾಳುಮೆಣಸಿನ ಗೆರೆಯ ಹಾಗೆ. ನಾಲ್ಕೂವರೆ ಗಂಟೆ ಆಪರೇಷನ್ ಮಾಡಿದೆ. ನರದ ಒಂದು ಕವಲನ್ನು ಉಳಿಸಲು ಆಗಲಿಲ್ಲ. ಹಾಗಾಗಿ ಕಿವಿ ಸುತ್ತಮುತ್ತಲಿನ ಗಂಟನ್ನು ‘ಸಣ್ಣ ಆಪರೇಷನ್, ಸಂಜೆ ಮನೆಗೆ ಹೋಗಬಹುದು’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಕ್ಯಾನ್ಸರ್ ಎಂದೇ ಬಂದರೆ? ಆಗಲೂ ಮೊದಲ ಚಿಕಿತ್ಸೆ ಆಪರೇಷನ್ನೇ. ಕೆಲವರಿಗೆ ಅದರ ಮೇಲೆ ಸುಮಾರು ಆರು ವಾರ ವಿಕಿರಣ ಬೇಕಾಗುತ್ತದೆ, ಬಾಯಿ ಒಣಗುತ್ತದೆ, ಶುರು ಮಾಡುವ ಮೊದಲೇ ಹುಳುಕು ಹಲ್ಲು ಸರಿಮಾಡಿಸಬೇಕು. ಅಂಥ ಕೇಸುಗಳನ್ನು ನಾನು ಬೆಂಗಳೂರಿನ ಕಿದ್ವಾಯಿಯಂಥ ಕಡೆ ಕಳಿಸುತ್ತೇನೆ. ಸದ್ಯಕ್ಕೆ ನಿಮಗೆ ಆ ಬಾಗಿಲು ತಟ್ಟುವ ಕಾರಣ ಕಾಣುತ್ತಿಲ್ಲ.

ಕೊಯ್ಲಿನ ಮಾತು. ವರದಿ ವಾರ್ಥಿನ್ ಎಂದು ಗಟ್ಟಿಯಾದರೆ ಧಾರಾಳವಾಗಿ ಕಾಯಿರಿ. ಅರೇಬಿಕಾ ಮುಗಿಸಿ, ರೊಬಸ್ಟಾವನ್ನೂ ಮುಗಿಸಿ ಬನ್ನಿ, ಏನೂ ಮುಳುಗುವುದಿಲ್ಲ. ಆದರೆ ಗಟ್ಟಿಯಾಗುವ ಕೆಲಸಕ್ಕೆ ಕೊಯ್ಲು ಅಡ್ಡ ಬರಬಾರದು. ಎರಡನೇ ಸೂಜಿ ಪರೀಕ್ಷೆ ಅರ್ಧ ದಿನದ ಕೆಲಸ, ಈ ತಿಂಗಳೇ ಮುಗಿಸಿ.

ಮತ್ತೆ ಸಿಗರೇಟು. ಬಿಟ್ಟರೆ ಗಂಟು ಕರಗುವುದಿಲ್ಲ, ಸುಳ್ಳು ಆಸೆ ಹುಟ್ಟಿಸಲಾರೆ. ಆದರೆ ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟವರಿಗೆ ಅರಿವಳಿಕೆಯ ಮೇಲೆ ಕಫದ ಕಾಟ, ನ್ಯುಮೋನಿಯಾ ಕಮ್ಮಿ, ಗಾಯವೂ ಬೇಗ ಕೂಡುತ್ತದೆ. ಕೊಯ್ಲಿನ ಕಾಲ ಸಿಕ್ಕಿದೆಯಲ್ಲ, ಅದನ್ನು ಇದಕ್ಕೆ ಬಳಸಿಕೊಳ್ಳಿ. ನನಗೆ ಗಂಟಿಗಿಂತ ಬೇರೊಂದು ಚಿಂತೆ ಇದೆ. ಅಷ್ಟು ವರ್ಷದ ಹೊಗೆ ಪೆರೋಟಿಡ್ ಒಂದನ್ನೇ ಹುಡುಕಿಕೊಂಡು ಹೋಗಿರುವುದಿಲ್ಲ. ದಾರಿಯಲ್ಲಿ ಬಾಯಿ, ಗಂಟಲು, ಶ್ವಾಸಕೋಶ ಇವೆ. ವಾರ್ಥಿನ್ ಎಂದು ಬಂದ ಪ್ರತಿಯೊಬ್ಬರ ಗಂಟಲಿಗೂ ನಾನು ದುರ್ಬೀನು ಹಾಕಿ ನೋಡುತ್ತೇನೆ, ಎದೆಯ ಚಿತ್ರ ತೆಗೆಸುತ್ತೇನೆ. ಧ್ವನಿ ಒಡೆದು ಮೂರು ವಾರ ಮೀರಿದೆಯಾ, ನುಂಗಲು ಕಷ್ಟವಾ, ಕಫದಲ್ಲಿ ರಕ್ತ ಬಂದಿದೆಯಾ, ಇದನ್ನೂ ಅವರು ಬೇಡ ಅಂದರೂ ನೀವೇ ಹೇಳಿ.

ಪರಿಹಾರದ ಬಗ್ಗೆ ಗುಂಪಿನಲ್ಲಿ ಹರಿದಾಡುತ್ತಿರುವುದು ಅಮೆರಿಕದ ಸುದ್ದಿ ಇರಬೇಕು. ಅಲ್ಲಿ ಅಣುಬಾಂಬ್ ಪರೀಕ್ಷೆಗಳಲ್ಲಿ ಭಾಗವಹಿಸಿದ ಸೈನಿಕರಿಗೆ ಜೊಲ್ಲು ಗ್ರಂಥಿಯ ಕ್ಯಾನ್ಸರ್ ಬಂದರೆ ಸೇವೆಯಿಂದಲೇ ಬಂತೆಂದು ಕಾನೂನು ಒಪ್ಪುತ್ತದೆ. 2022ರಲ್ಲಿ ಇನ್ನೊಂದು ಕಾನೂನು ಬಂತು. ಇರಾಕ್, ಅಫ್ಘಾನಿಸ್ತಾನದಲ್ಲಿ ಕಸದ ಗುಂಡಿಗಳಿಗೆ ಬೆಂಕಿ ಹಾಕಿ ಸುಡುತ್ತಿದ್ದ ಹೊಗೆ ಕುಡಿದವರಿಗೆ ತಲೆ, ಕುತ್ತಿಗೆಯ ಕ್ಯಾನ್ಸರ್‌ಗೂ ಅದೇ ಅನುಕೂಲ ಸಿಕ್ಕಿತು. ಎರಡೂ ಕ್ಯಾನ್ಸರ್‌ಗೆ, ಸಾಧು ಗಂಟಿಗಲ್ಲ. ಅದೂ ಅಲ್ಲದೆ ಸೈನಿಕರ ಮೇಲೆ ಸಾಬೀತು ಮಾಡುವ ಹೊರೆ ಬೀಳದಿರಲಿ ಎಂದು ಸರ್ಕಾರ ತೋರಿದ ಔದಾರ್ಯ ಅದು, ವಿಜ್ಞಾನದ ಸಾಕ್ಷಿ ಅಲ್ಲ. ನಮ್ಮಲ್ಲಿ ಅಂಗವೈಕಲ್ಯ ಪಿಂಚಣಿಗೆ, ರೋಗ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಜಾಸ್ತಿಯಾದದ್ದು ಎಂದು ವೈದ್ಯಕೀಯ ಮಂಡಳಿ ಒಪ್ಪಬೇಕು. ನಿವೃತ್ತಿಯಾಗಿ ವರ್ಷಗಳಾದ ಮೇಲೆ ಬಂದ, ಸಿಗರೇಟಿನ ನಂಟಿರುವ ಸಾಧು ಗಂಟಿಗೆ ಅದು ಸಿಗುವುದು ಕಷ್ಟ. ಅದರ ಹಿಂದೆ ಅಲೆದು ದುಡ್ಡು ಕಳೆಯಬೇಡಿ.

ಚಿಕಿತ್ಸೆಯ ಖರ್ಚು ಮಾತ್ರ ನಿಮ್ಮ ತಲೆಯ ಮೇಲೆ ಬೀಳಬೇಕಿಲ್ಲ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ 2003ರಿಂದ ಇದೆ. ಕಾರ್ಡ್ ಇದ್ದರೆ ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲಿಂದ ರೆಫರಲ್ ಬರೆಸಿಕೊಂಡು, ಪಟ್ಟಿಯಲ್ಲಿರುವ ಆಸ್ಪತ್ರೆಗೆ ಸೇರಿಸಿ. ತುರ್ತಲ್ಲದ ಆಪರೇಷನ್ನಿಗೆ ರೆಫರಲ್ ಇಲ್ಲದೆ ನೇರವಾಗಿ ಸೇರಿ, ಆಮೇ‌ಲೆ ಬಿಲ್ ಹಿಡಿದು ಓಡಾಡಿದವರ ಪಾಡು ಬೇಡ. ಕಾರ್ಡ್ ಮಾಡಿಸಿಲ್ಲ ಅಂದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಕಿವಿ, ಮೂಗು, ಗಂಟಲು ವಿಭಾಗಕ್ಕೆ ತೋರಿಸಬಹುದು.

ಬರುವಾಗ ಸೂಜಿ ಪರೀಕ್ಷೆಯ ಹಾಳೆ ಮಾತ್ರ ತರಬೇಡಿ. ಲ್ಯಾಬಿನಲ್ಲಿ ಗಾಜಿನ ಸ್ಲೈಡ್‌ಗಳನ್ನೂ ಕೇಳಿ ತೆಗೆದುಕೊಳ್ಳಿ, ಕೊಡುತ್ತಾರೆ. ಹಳೆಯ ಸ್ಲೈಡನ್ನು ಇನ್ನೊಬ್ಬರು ನೋಡಿ ಸರಿಯಿದೆ ಅಂದರೆ ಎರಡನೇ ಸಲ ಚುಚ್ಚುವುದೇ ತಪ್ಪಬಹುದು. ಸ್ಕ್ಯಾನಿನ ಸಿಡಿ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದು, ಒಂದು ಕವರಿನಲ್ಲಿ ಹಾಕಿಡಿ. ಸಿಗರೇಟಿನ ವಿಷಯ ನೀವು ಬರೆದಿರಿ ಅಂತ ನಾನು ಹೇಳುವುದಿಲ್ಲ. ಬೆರಳಿನ ಹಳದಿ ಕಲೆ ನೋಡಿ ನಾನೇ ಕೇಳುತ್ತೇನೆ.